ಅಂಗಳ ದೊಡ್ಡದಿದ್ದ ಮನೆ

ವಿದೇಶದಲ್ಲಿ ಸ್ವಂತ ಮನೆ ಕೊಂಡ ಕೊಟ್ಟೂರಿನವರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ನಾನೊಬ್ಬ ಇದ್ದೇನೆ. ಅದೂ ಎಂಥ ಮನೆ ಅಂತೀರಿ! ಬಿಳಿ ಗೋಡೆ, ಹಸಿರು ಕಿಟಕಿ, ಪಕ್ಕದಲ್ಲಿ ತೆಂಗಿನ ಮರ, ಹಗಲೆಲ್ಲ ಬೀಸುವ ಗಾಳಿ. ಮನೆ ಮುಂದಿನ ಅಂಗಳವಂತೂ ನಮ್ಮ ಹೈಸ್ಕೂಲಿನ ಆಟದ ಬಯಲಿಗಿಂತ ದೊಡ್ಡದು. ಆ ಅಂಗಳದ ಸಂಗತಿಯನ್ನೇ ಈಗ ಹೇಳಬೇಕಾಗಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಆಫ್ರಿಕಾ ಕಡೆಯವರು ನಮ್ಮ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಿದ್ದರು. ಕಾನಹೊಸಹಳ್ಳಿಯಲ್ಲಿ ಭೂಗೋಳ ಹೇಳುತ್ತಿದ್ದ ನಾನೂ ಅರ್ಜಿ ಹಾಕಿದೆ. ಕರೆ ಬಂತು. ಸಮುದ್ರದ ನಡುವೆ ಒಂದು ಸಣ್ಣ ದ್ವೀಪ. ಹೆಸರು ಹೇಳುವುದಿಲ್ಲ. ಪಾಪ, ಅದರದೇನೂ ತಪ್ಪಿಲ್ಲ.

ನನ್ನ ಹೆಂಡತಿ ನೀಲಮ್ಮ ಮಾತ್ರ ಜಪ್ಪಯ್ಯ ಅಂದರೂ ಬರಲು ಒಪ್ಪಲಿಲ್ಲ.

"ಮೊದಲು ನೀವು ಹೋಗ್ರಿ. ಬಾಡಿಗಿ ಖೋಲ್ಯಾಗ ನಾನು ಇರಂಗಿಲ್ಲ. ನಮ್ದು ಅಂತ ಒಂದು ಮನಿ ಆಗ್ಲಿ. ಬಾಗಿಲ ಮುಂದನ ನೀರು ಇರಬೇಕು, ಸಂಡಿಗಿ ಒಣಗಿಸಾಕ ಅಂಗಳ ಇರಬೇಕು. ಅವತ್ತು ಬರ್ತೀನಿ. ಅಲ್ಲಿಗೆ ಬಂದೂ ಬಾವಿಗೆ ಕೊಡ ಹೊರೋದಾದ್ರ ಕೊಟ್ಟೂರೇನು ಕಡಿಮಿ ಐತ್ರಿ?"

ನ್ಯಾಯವಾದ ಮಾತು. ಅವಳ ಸೊಂಟದಲ್ಲಿ ಕೊಡ ಇಲ್ಲದ ಬೆಳಗನ್ನು ನಾನು ನೋಡಿಯೇ ಇರಲಿಲ್ಲ. ಅವಳನ್ನು ಚಿಗಟೇರಿಯ ತವರಿಗೆ ಬಿಟ್ಟು ಹೊರಟೆ. ಹೊರಡುವಾಗ ನನ್ನ ಟ್ರಂಕಿನಲ್ಲಿ ಎರಡು ಊಟದ ಮಣೆ ಇಟ್ಟಳು. ಮದುವೆಯಲ್ಲಿ ನಮ್ಮ ಮಾವ ಕೊಟ್ಟ ಸಾಗುವಾನಿಯ ಜೋಡಿ ಮಣೆ.

"ಎರಡ್ಯಾಕ?" ಅಂದೆ.

"ಒಂದು ನಿಮ್ದು, ಒಂದು ನಂದು. ನಂದು ಹುಷಾರು ನೋಡ್ರಿ ಮತ್ತ" ಅಂದಳು.

ಆ ದ್ವೀಪದ ಜನ ಒಳ್ಳೆಯವರು. ಎಲ್ಲರೂ ನನ್ನನ್ನು "ಸರ್" ಅನ್ನುತ್ತಿದ್ದರು. ಊರಿನವರ ಹಾಗೆ "ಲೇ ಕೊಟ್ರ್ಯಾ" ಅನ್ನುವವರು ಒಬ್ಬರೂ ಇಲ್ಲ! ಬರೀ ಮರ್ಯಾದೆ ತಿಂದುಕೊಂಡು ಮನುಷ್ಯ ಎಷ್ಟು ದಿನ ಬದುಕಿಯಾನು? ಕನ್ನಡದಲ್ಲಿ ಬೈಯುವುದಕ್ಕೂ ಜನ ಇಲ್ಲ, ಬೈಸಿಕೊಳ್ಳುವುದಕ್ಕೂ ಇಲ್ಲ. ಸಂಜೆ ಖೋಲಿಯಲ್ಲಿ ಎರಡೂ ಮಣೆ ಹಾಕುತ್ತಿದ್ದೆ. ಒಂದರ ಮೇಲೆ ನಾನು ಕೂತು, ಎದುರಿನ ಮಣೆಗೆ "ಅನ್ನ ಇವತ್ತೂ ಮುದ್ದಿ ಆಗೇತಿ ನೋಡು" ಅನ್ನುತ್ತಿದ್ದೆ. ಮಣೆ ಎದುರು ಮಾತಾಡುತ್ತಿರಲಿಲ್ಲ. ಅದು ನೀಲಮ್ಮ ಅಲ್ಲ ಅನ್ನುವುದು ಆಗಲೇ ಖಾತ್ರಿಯಾಗುತ್ತಿತ್ತು! ನೀವು ನಗುತ್ತೀರಿ, ನಗಿ. ಕಣ್ಣೀರು ಹಾಕಿದ ಸಂಜೆಗಳೂ ಇವೆ.

ಹೀಗಿರುವಾಗ ನಮ್ಮ ಹೆಡ್‌ಮಾಸ್ಟರ್ ಸುಲೇಮಾನ್ ಸಾಹೇಬರು ತಮ್ಮ ಮನೆ ಮಾರುತ್ತಾರೆ ಎಂಬ ಸುದ್ದಿ ಬಂತು. ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಅಮಾವಾಸ್ಯೆ ಇಲ್ಲವೇ ಹುಣ್ಣಿಮೆ ನೋಡುತ್ತೇವೆ. ನಾನೂ ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಮನೆ ನೋಡಲು ಹೋದೆ.

ಅಂಗಳ ನೋಡಿ ಅಲ್ಲೇ ನಿಂತುಬಿಟ್ಟೆ. ಕಣ್ಣು ಹಾಯುವವರೆಗೆ ಸಮತಟ್ಟಾದ ಮರಳು! ಸಮುದ್ರ ಎಲ್ಲೋ ದೂರದಲ್ಲಿ ಒಂದು ನೀಲಿ ಗೆರೆ. ಅಂಗಳದ ನಡುವೆ ಗೂಟಕ್ಕೆ ಹಗ್ಗ ಹಾಕಿ, ಎಮ್ಮೆ ಕಟ್ಟಿದ ಹಾಗೆ ಒಂದು ದೋಣಿ ಕಟ್ಟಿದ್ದರು. ಒಣ ನೆಲದಲ್ಲಿ ದೋಣಿಯನ್ನು ಯಾಕೆ ಕಟ್ಟುತ್ತಾರೆ? ಓಡಿಹೋಗುತ್ತದೆಯೇ? ಸಾಹೇಬರು ಸ್ವಲ್ಪ ಹುಚ್ಚರಿರಬೇಕು ಅಂದುಕೊಂಡೆ. ಮನೆಯ ಕಟ್ಟೆ ಆಳೆತ್ತರ ಇತ್ತು. ಶ್ರೀಮಂತಿಕೆ ಅಂದುಕೊಂಡೆ.

ಇನ್ನು ನೀರು. ನಮ್ಮ ಹಗರಿ ಹೊಳೆ ವರ್ಷದ ಬಹುಪಾಲು ಬರೀ ಮರಳು. ಆ ಮರಳಲ್ಲಿ ಗುಂಡಿ ತೋಡಿದರೆ ಒರತೆ ನೀರು ಬರುತ್ತದೆ, ಸಕ್ಕರೆಯಂಥ ನೀರು. ನಾನು ಒಂದು ಕೋಲು ತೆಗೆದುಕೊಂಡು ಬಾಗಿಲ ಎದುರಿಗೇ ಕೆದಕಿದೆ. ಗೇಣು ಆಳದಲ್ಲಿ ನೀರು ಉಕ್ಕಿತು! ಕೊಟ್ಟೂರಿನಲ್ಲಿ ಬಂಡೆ ಒಡೆದರೂ ಕಾಣದ ನೀರು! ನನಗೆ ಅಳುವೇ ಬಂತು. ಒಂದು ಹನಿ ಬಾಯಿಗೆ ಹಾಕಿ ನೋಡಬೇಕಿತ್ತು ನಿಜ. ಆದರೆ ಒರತೆ ನೀರಿನ ರುಚಿ ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಹುಣ್ಣಿಮೆಯ ಬೆಳಿಗ್ಗೆ ಮತ್ತೆ ಹೋಗಿ, ಅದೇ ಮರಳು ನೋಡಿ, ಮಾತು ಮುಗಿಸಿದೆ. ನೀಲಮ್ಮನಿಗೆ ಉದ್ದವಾದ ಕಾಗದ ಬರೆದೆ. ಅವಳ ಉತ್ತರ ಬಂತು: ಕೊಡವನ್ನು ತಂಗಿಗೆ ಕೊಟ್ಟುಬಿಟ್ಟಿದ್ದೇನೆ, ಗೃಹಪ್ರವೇಶ ಮುಗಿಸಿರಿ, ಬರುತ್ತೇನೆ. ಆ ಕಾಗದ ಓದಿದ ಸಂಜೆ ಎದುರಿನ ಮಣೆಯನ್ನು ತೊಳೆದು ಒರೆಸಿ ಇಟ್ಟೆ.

ಮುಂದಿನ ಅಮಾವಾಸ್ಯೆಗೆ ಗೃಹಪ್ರವೇಶ. ಶಾಲೆಯವರೆಲ್ಲ ಬಂದರು. ಪಕ್ಕದ ಮನೆಯ ಮಾಮಾ ಜೈನಬ್ ಎಂಬ ಹಿರಿಯಾಕೆಯೂ ಬಂದರು; ಅಲ್ಲಿ ತಾಯಿಯಂಥವರಿಗೆ ಮಾಮಾ ಅನ್ನುತ್ತಾರೆ. ಇಂಥ ಅಂಗಳ ಇರುವಾಗ ಒಳಗೆ ಯಾಕೆ ಊಟ? ಮರಳಿನ ಮೇಲೆ ಚಾಪೆ ಹಾಸಿದೆ, ರಂಗೋಲಿ ಹಾಕಿದೆ, ಒಲೆ ಹೂಡಿ ಹಾಲು ಇಟ್ಟೆ. ಪೂಜೆಗೆ ದಂಪತಿ ಕೂರಬೇಕು. ನನ್ನ ಮಣೆ, ಪಕ್ಕದಲ್ಲಿ ಅರಿಷಿಣ ಕುಂಕುಮ ಇಟ್ಟ ಅವಳ ಮಣೆ. ಹೋಳಿಗೆ ಹರಿದು ಹರಿದು ಸತಾಯಿಸಿದ್ದರಿಂದ ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು.

ಮೊದಲು ರಂಗೋಲಿಯ ಒಂದು ಅಂಚು ಒದ್ದೆಯಾಯಿತು.

"ಯಾರ್ರೀ ಅದು ನೀರು ಚೆಲ್ಲಿದ್ದು!" ಎಂದು ಕನ್ನಡದಲ್ಲೇ ಗದರಿದೆ.

ಆಮೇಲೆ ಒಲೆ "ಚುಂಯ್" ಅಂದಿತು. ಉಕ್ಕಬೇಕಾಗಿದ್ದದ್ದು ಹಾಲು. ಉಕ್ಕಿದ್ದು ಬೇರೆ! ನೋಡನೋಡುತ್ತ ಚಾಪೆ ಮುಳುಗಿತು, ಎಲೆಗಳು ತೇಲಿದವು, ಹೋಳಿಗೆಗಳು ಸಾಲಾಗಿ ಮೆರವಣಿಗೆ ಹೊರಟವು. ಅತಿಥಿಗಳು ಮಾತ್ರ ಗಂಭೀರವಾಗಿ ಎಲೆ ಕೈಯಲ್ಲಿ ಹಿಡಿದು ಉಣ್ಣುತ್ತಲೇ ಇದ್ದರು!

"ಸಾಹೇಬರೇ, ಏನಿದು?" ಎಂದು ಇಂಗ್ಲಿಷಿನಲ್ಲಿ ಕೂಗಿದೆ.

"ಸಮುದ್ರ" ಅಂದರು ಸುಲೇಮಾನ್ ಸಾಹೇಬರು, ಪ್ಯಾಂಟು ಮೇಲೆ ಮಡಚುತ್ತ.

"ಬರುತ್ತದೆ ಅಂತ ನಿಮಗೆ ಗೊತ್ತಿತ್ತೇ?"

"ದಿನಾ ಬರುತ್ತದಲ್ಲ! ಸರಿಯಾಗಿ ನೀರು ಬರುವ ಹೊತ್ತಿಗೆ ಎಲೆ ಹಾಕಿದಿರಿ. ನಿಮ್ಮ ಪದ್ಧತಿ ಇರಬೇಕು, ಕೇಳಿದರೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದೆವು."

"ಮನೆ ಮಾರುವಾಗಲಾದರೂ ಹೇಳಬಾರದಿತ್ತೇ?"

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. "ನೀವು ಭೂಗೋಳದ ಮೇಷ್ಟ್ರಲ್ಲವೇ!"

ಹೌದು. ಕಾನಹೊಸಹಳ್ಳಿಯಲ್ಲಿ ಕರಿಹಲಗೆಯ ಮೇಲೆ ಚಂದ್ರನ ಚಿತ್ರ ಬರೆದು, ಅಮಾವಾಸ್ಯೆ ಹುಣ್ಣಿಮೆಗೆ ಸಮುದ್ರದ ಉಬ್ಬರ ಇಳಿತ ಎರಡೂ ಹೆಚ್ಚು ಎಂದು ವರ್ಷ ವರ್ಷ ಬಾಯಿಪಾಠ ಮಾಡಿಸಿದವನು ನಾನೇ. ಆದರೆ ಅದು ಪರೀಕ್ಷೆಗೆ ಬರುವ ಸಮುದ್ರ. ಮನೆಗೂ ಬರುತ್ತದೆ ಅಂತ ಯಾರಿಗೆ ಗೊತ್ತು?

ಅತಿಥಿಗಳು ಹರಸಿ ಹೋದರು. ನನ್ನ ಮಣೆ ತೇಲಿಹೋಗಲಿಲ್ಲ. ಕಟ್ಟೆ ಹತ್ತುವವರೆಗೆ ಅದರ ಮೇಲೆ ನಾನು ಕೂತೇ ಇದ್ದೆನಲ್ಲ, ಹತ್ತುವಾಗ ಅದು ಕಂಕುಳಲ್ಲಿತ್ತು! ನೀಲಮ್ಮನ ಮಣೆ ಮಾತ್ರ ಕಟ್ಟೆಯ ಸುತ್ತ ತೇಲಾಡುತ್ತ ಇತ್ತು. ಸಂಜೆ ನೀರು ಇಳಿಯತೊಡಗಿದಾಗ ಅದು ಮೆಲ್ಲಗೆ ಹೊರಟಿತು. ನಾನು ಹಿಂದೆ ಓಡಿದೆ. ಸೊಂಟದವರೆಗೆ ಹೋದೆ, ಮುಂದೆ ಧೈರ್ಯ ಬರಲಿಲ್ಲ. ಈಜು ಕಲಿಯುವಷ್ಟು ನೀರು ನಮ್ಮೂರಲ್ಲಿ ಯಾವಾಗಿತ್ತು?

"ನೀಲಾ! ನಿಲ್ಲು! ನೀಲಾ!" ಎಂದು ಕೂಗಿದೆ.

ಮಾಮಾ ಜೈನಬ್ ಗಾಬರಿಯಿಂದ ಮೆಟ್ಟಿಲಿಗೆ ಬಂದರು. "ಯಾರು ಹೋದರು ಸರ್?"

"ನನ್ನ ಹೆಂಡತಿಯ ಮಣೆ."

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆವತ್ತು ನನ್ನ ಸ್ವಂತ ಮನೆಯಲ್ಲಿ, ನನ್ನ ಮಣೆಯ ಮೇಲೆ ಕೂತು, ಎದುರಿನ ಬರೀ ನೆಲ ನೋಡುತ್ತ ಉಪ್ಪುಪ್ಪಾದ ಹೋಳಿಗೆ ತಿಂದೆ. ಆ ದ್ವೀಪಕ್ಕೆ ಬಂದ ಮೇಲೆ ಅಷ್ಟು ಒಂಟಿ ಎಂದೂ ಆಗಿರಲಿಲ್ಲ. ಮಣೆಗೆ ಹೇಳುತ್ತಿದ್ದ ಮಾತನ್ನು ಈಗ ಯಾರಿಗೆ ಹೇಳಲಿ?

ಇದ್ದದ್ದು ಇದ್ದ ಹಾಗೆ ನೀಲಮ್ಮನಿಗೆ ಬರೆದೆ. ಅವಳ ಉತ್ತರ ಗಿಡ್ಡವಾಗಿತ್ತು: "ಸಮುದ್ರದಾಗ ಸಂಡಿಗಿ ಒಣಗಂಗಿಲ್ಲ. ನೀವ ಬರ್ರಿ." ಮನೆಯನ್ನು ಸುಲೇಮಾನ್ ಸಾಹೇಬರೇ ವಾಪಸ್ ತೆಗೆದುಕೊಂಡರು. ಸಮುದ್ರ ಬರುವ ಸದ್ದಿಲ್ಲದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ.

ಚಿಗಟೇರಿಯಲ್ಲಿ ಬಸ್ಸಿಳಿದು ಮನೆ ಹೊಕ್ಕೆ. ನೀಲಮ್ಮ ಊಟದ ಗಂಗಾಳ ಇಟ್ಟಳು. ಟ್ರಂಕು ತೆಗೆದು ನೋಡಿದಳು.

"ನನ್ನ ಮಣಿ ಎಲ್ಲೈತ್ರಿ?"

"ಊರ ಕಡಿ ಹೊಂಟೈತಿ. ನನಗಿಂತ ಮೊದಲ."

"ಅದಕ್ಕರ ಬುದ್ಧಿ ಐತಿ" ಅಂದಳು. ನನ್ನ ಮಣೆಯನ್ನು ಎಳೆದುಕೊಂಡು ಎದುರಿಗೆ ಹಾಕಿ ತಾನು ಕೂತಳು. "ಉಣ್ರಿ. ಉಂಡು ಬಾವಿಗೆ ಹೋಗಿ ನೀರು ತರ್ರಿ. ನನ್ನ ತಂಗಿ ಕೊಡ ವಾಪಸ್ ಕೊಡವಲ್ಲಳು, ಅದನ್ನೂ ನೀವ ಕೇಳ್ರಿ."

ಅಂದಿನಿಂದ ಎದುರಿನ ಮಣೆ ಎದುರು ಮಾತಾಡುತ್ತದೆ. ಸಮುದ್ರ ಕೊಂಡಿದ್ದ ಭೂಗೋಳದ ಮೇಷ್ಟ್ರು ನೆಲದ ಮೇಲೆ ಕೂತು ಕೇಳಿಸಿಕೊಳ್ಳುತ್ತಾನೆ.