ಸದ್ದಿನ ಲೆಕ್ಕದ ರೊಟ್ಟಿ

ಮನೆಯಲ್ಲಿ ಕುಳಿತ ಗಂಡಸಿಗೆ ಮರ್ಯಾದೆ ಇಲ್ಲ. ಅನುಭವದಿಂದ ಹೇಳುತ್ತಿದ್ದೇನೆ. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ‘ಸಕಲ ಜನುಲ ಸಮ್ಮೆ’, ಅಂದರೆ ಸರ್ವಜನರ ಮುಷ್ಕರ, ಶುರುವಾದದ್ದೇ ತಡ, ನಮ್ಮ ಜಹೀರಾಬಾದಿನಲ್ಲಿ ಬಸ್ಸು ನಿಂತವು, ಶಾಲೆ ನಿಂತವು, ಸರಕಾರಿ ಕಚೇರಿಗಳ ಕಡತಗಳೂ ನಿಂತವು. (ನನ್ನ ಮೇಜಿನ ಕಡತಗಳು ಮೊದಲೂ ಓಡುತ್ತಿರಲಿಲ್ಲ, ಈಗ ತತ್ವಕ್ಕಾಗಿ ನಿಂತವು.) ತೆಲಂಗಾಣ ಬರುವವರೆಗೂ ಕೆಲಸ ಮಾಡುವುದಿಲ್ಲವೆಂದು ಭೀಷ್ಮಪ್ರತಿಜ್ಞೆ ಮಾಡಿದ ನಾನು, ಅಂದರೆ ಸೀನಿಯರ್ ಅಸಿಸ್ಟೆಂಟ್ ಬಂಡೆಪ್ಪ, ಬೆಳಗ್ಗೆ ಒಂದು ಗಳಿಗೆ ಹೆದ್ದಾರಿ ಪಕ್ಕದ ಸಮ್ಮೆ ಟೆಂಟಿನಲ್ಲಿ ಭಾಷಣ ಮಾಡಿ, ಉಳಿದ ಹೊತ್ತೆಲ್ಲ ಮನೆಯ ಪಡಸಾಲೆಯ ಆರಾಮಕುರ್ಚಿಯಲ್ಲಿ ವಿರಾಜಮಾನನಾಗಿರುತ್ತಿದ್ದೆ. ನಾಡಿಗಾಗಿ ಇಷ್ಟು ದೊಡ್ಡ ತ್ಯಾಗ ಮಾಡಿದವನಿಗೆ ಮನೆಯಲ್ಲಿ ಎರಡನೆಯ ಸಲ ಚಹಾ ಕೇಳಿದರೆ ಸಿಗುತ್ತಿರಲಿಲ್ಲ.

ಯಾಕೆಂದರೆ ನಮ್ಮ ಮನೆಯ ಮುಂದಿನ ಅರ್ಧ ಮಾತ್ರ ನನ್ನದು. ಹಿಂದಿನ ಅರ್ಧ ನನ್ನ ಹೆಂಡತಿ ಮಹಾನಂದಾಳ ಖಡಕ್ ರೊಟ್ಟಿಯ ಕಾರ್ಖಾನೆ. ಸಾಬಮ್ಮ, ಹಣಮಮ್ಮ, ಅಂಜಮ್ಮ ಎಂಬ ಮೂವರು ಹೆಣ್ಣುಮಕ್ಕಳು ಅಲ್ಲಿ ತಾಂಡೂರು ಕಲ್ಲಿನ ಮೇಲೆ ಪಟಪಟನೆ ಜೋಳದ ರೊಟ್ಟಿ ಬಡಿದು, ಹಂಚಿನ ಮೇಲೆ ಸುಟ್ಟು, ಗರಿಗರಿ ಒಣಗಿಸಿ ಬುಟ್ಟಿಗೆ ಒಟ್ಟುತ್ತಾರೆ. ಆ ರೊಟ್ಟಿ ಇತ್ತ ನಾರಾಯಣಖೇಡದವರೆಗೆ, ಅತ್ತ ಬೀದರಿನವರೆಗೆ ಹೋಗುತ್ತದೆ. ಈ ಉದ್ಯಮ ಹೇಗೆ ನಡೆಯುತ್ತದೆಂದು ನಾನು ಇಷ್ಟು ವರ್ಷ ಕಣ್ಣಾರೆ ಕಂಡಿರಲಿಲ್ಲ. ಅದು ನಡೆಯುವ ಹೊತ್ತಿನಲ್ಲಿ ನಾನು ಕಚೇರಿಯಲ್ಲಿರುತ್ತಿದ್ದೆ.

ಈಗ ಕಂಡೆ, ಕಂಡು ಗಾಬರಿಯಾದೆ. ಹಾಜರಿ ಇಲ್ಲ, ಮೇಲ್ವಿಚಾರಣೆ ಇಲ್ಲ, ಇಂತಿಷ್ಟು ಆಗಬೇಕೆಂಬ ಗುರಿಯಿಲ್ಲ. ಹಣಮಮ್ಮ ತನ್ನ ಸೊಸೆಯ ಪುರಾಣ ತೆಗೆಯುತ್ತಾಳೆ, ಅಂಜಮ್ಮ ಅದಕ್ಕೆ ಒಗ್ಗರಣೆ ಹಾಕುತ್ತಾಳೆ, ಸಾಬಮ್ಮ ಎಲೆ ಅಡಿಕೆಗೆಂದು ಎದ್ದವಳು ಓಣಿಯೆಲ್ಲ ಸುತ್ತಿ ಬರುತ್ತಾಳೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಕೆಲಸದ ಜಾಗದಲ್ಲಿ ಇಷ್ಟು ನಗುವುದು ಆಡಳಿತದ ದೃಷ್ಟಿಯಿಂದ ಅಪಾಯಕಾರಿ. ನಮ್ಮ ಕಚೇರಿಯಲ್ಲಿ ಯಾರಾದರೂ ಹೀಗೆ ನಕ್ಕಿದ್ದರೆ ಮೆಮೊ ಹೋಗುತ್ತಿತ್ತು.

ಆದರೂ ಸುಮ್ಮನಿರುತ್ತಿದ್ದೆನೋ ಏನೋ. ಕೆಟ್ಟದ್ದು ನನ್ನ ನಾಲಿಗೆಯಿಂದ. ಭಾನುವಾರ ಹೆದ್ದಾರಿಯ ಮೇಲೆ ‘ವಂಟಾ-ವಾರ್ಪು’ ಮಾಡುವುದೆಂದು ಟೆಂಟಿನಲ್ಲಿ ತೀರ್ಮಾನವಾಯಿತು. ಅಂದರೆ ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಸಾಲಾಗಿ ಕೂತು ಉಂಡು, ಸರಕಾರಕ್ಕೆ ಬಿಸಿ ಮುಟ್ಟಿಸುವುದು. ಒಬ್ಬರು ಅನ್ನ ವಹಿಸಿಕೊಂಡರು, ಇನ್ನೊಬ್ಬರು ಸಾರು ಅಂದರು. ಆ ಹೊತ್ತಿಗೆ ಮೈಕು ನನ್ನ ಕೈಯಲ್ಲಿತ್ತು. (ಕೈಯಲ್ಲಿ ಮೈಕು ಇದ್ದಾಗ ನಾನು ಆಡುವ ಮಾತಿಗೆ ನಾನು ಜವಾಬ್ದಾರನಲ್ಲ.) ಮಾತು ಕೇಳದವರ ಮನೆ ಮುಂದೆ ಒಲೆ ಹೂಡಿರಿ ಎಂದು ಗುಡುಗಿ, ಬಂದವರಿಗೆಲ್ಲ ರೊಟ್ಟಿ ನಮ್ಮ ಮನೆಯಿಂದ ಎಂದು ಘೋಷಿಸಿಬಿಟ್ಟೆ.

ಸಮ್ಮೆ ಸಮಿತಿಯ ಅಧ್ಯಕ್ಷ ಸಾಯಪ್ಪ ಸಂತೋಷದಿಂದ ನನ್ನನ್ನು ತಬ್ಬಿಕೊಂಡ. ಸಮಿತಿಯ ಉಪಾಧ್ಯಕ್ಷನ ಜಾಗ ಖಾಲಿ ಇತ್ತು; ರೊಟ್ಟಿ ಬಂದರೆ ಅದು ನನಗೇ ಎಂದ. ಆಮೇಲೆ ಕಿವಿಯಲ್ಲಿ ಇನ್ನೊಂದು ಮಾತು ಸೇರಿಸಿದ.

“ರೊಟ್ಟಿ ಬರ್ಲಿಲ್ಲಂದ್ರ ಮುಂದ ಮೈಕ್ ಕೇಳಬ್ಯಾಡ್ರಿ, ಬಂಡೆಪ್ಪನೋರ.”

ಸಂಬಳವಿಲ್ಲದೆ ನಾನು ಬದುಕಬಲ್ಲೆ. ಮೈಕಿಲ್ಲದೆ ಹೇಗೆ?

ಮನೆಗೆ ಬಂದು ಸುದ್ದಿ ಹೇಳಿದಾಗ ಮಹಾನಂದಾ ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾರನ್ನ ಕೇಳಿ ಕಬೂಲ್ ಆಗಿ ಬಂದೀರಿ? ದಸರಾದ ಗಿರಾಕಿಗಿ ರೊಟ್ಟಿ ಯಾರ್ ಕೊಡ್ತಾರ, ನಿಮ್ಮ ಸಾಯಪ್ಪ ಬಂದು ಬಡೀತಾನೇನು?”

“ನೀ ಫಿಕರ್ ಮಾಡಬ್ಯಾಡ,” ಎಂದೆ. “ನಿನ್ನ ಹೆಣ್ಮಕ್ಕಳ ಕಡಿಂದ ಕೆಲಸ ಹೆಂಗ್ ತಗೋಬೇಕು ಅನ್ನೋದು ನನಗ ಬಿಡು.”

“ಕೆಲಸ ಅವ್ರು ಮಾಡ್ತಾರ. ನೀವು ಒಲಿ ಮುಂದ ಬರಲಿಲ್ಲಂದ್ರ ಸಾಕು. ಭಾನುವಾರದ ರೊಟ್ಟಿ ಹೆಂಗರೆ ಮಾಡಿ ದಾಟಸ್ತೀವಿ.”

ವಿಷಯ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ನಾನು ಹೈದರಾಬಾದಿನಲ್ಲಿ ಉತ್ಪಾದಕತೆಯ ಬಗ್ಗೆ ತರಬೇತಿ ಪಡೆದವನು. ಊಟದ ನಂತರ ನಿದ್ದೆ ಬಂದದ್ದರಿಂದ ಅರ್ಧ ತರಬೇತಿ ಮಾತ್ರ ನೆನಪಿದೆ. ಯಾವುದನ್ನು ಅಳೆಯಲು ಶುರು ಮಾಡುತ್ತೀರೋ ಅದು ತಾನಾಗಿಯೇ ಹೆಚ್ಚತೊಡಗುತ್ತದೆ ಎಂದು ಅಲ್ಲಿನ ತಜ್ಞರು ಹೇಳಿದ್ದರು. (ನನ್ನ ಹೊಟ್ಟೆಯ ಸುತ್ತಳತೆಯ ಮಟ್ಟಿಗೆ ಇದು ನೂರಕ್ಕೆ ನೂರು ನಿಜವಾಗಿತ್ತು.) ಹಾಗಾಗಿ ಮರುದಿನವೇ ಕೈಗಡಿಯಾರ ಹಿಡಿದು ಒಲೆಗಳ ಮುಂದೆ ನಿಂತೆ. ಹೊಗೆ ಕಣ್ಣಿಗೆ ಹೊಕ್ಕು ನೀರು ಧಾರಾಕಾರ ಸುರಿಯಿತು. ಅಂಜಮ್ಮ ಮರುಕದಿಂದ ನನ್ನತ್ತ ನೋಡಿದಳು.

“ಅಳಬ್ಯಾಡ್ರಿ ಸಾಹೇಬ್ರ. ತೆಲಂಗಾಣ ಬರ್ತದ ಬಿಡ್ರಿ,” ಎಂದು ಸಮಾಧಾನ ಮಾಡಿದಳು.

ಹೊಗೆಯಲ್ಲಿ ಅಳತೆ ಅಸಾಧ್ಯವೆಂದು ತಿಳಿದು ಪಡಸಾಲೆಗೆ ವಾಪಸಾದೆ. ಅಲ್ಲಿ ಆರಾಮಕುರ್ಚಿಯಲ್ಲಿ ಒರಗಿದಾಗಲೇ ಆ ಮಹಾನ್ ಆಲೋಚನೆ ಹೊಳೆದದ್ದು. ಪರದೆಯ ಆಚೆಯಿಂದ ಪಟಪಟ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ರೊಟ್ಟಿ ಎಂದರೆ ಬಡಿತ, ಬಡಿತ ಎಂದರೆ ಸದ್ದು. ಸದ್ದು ಎಣಿಸಿದರೆ ರೊಟ್ಟಿ ಎಣಿಸಿದಂತೆ ತಾನೆ? ಎದ್ದು ನೋಡುವ ಕಷ್ಟವೂ ಇಲ್ಲ. ಎರಡು ಬಟ್ಟಲು ತಂದೆ. ಒಂದರ ತುಂಬ ಹುಣಸೆ ಬೀಜ ಹಾಕಿಕೊಂಡು, ಒಂದು ರೊಟ್ಟಿಯಷ್ಟು ಸದ್ದು ಕೇಳಿದೊಡನೆ ಒಂದು ಬೀಜವನ್ನು ಇನ್ನೊಂದು ಬಟ್ಟಲಿಗೆ ವರ್ಗಾವಣೆ ಮಾಡತೊಡಗಿದೆ. ಸಮ್ಮೆಯ ಕಾಲದಲ್ಲಿ ರಾಜ್ಯದಲ್ಲಿ ನಡೆಯುತ್ತಿದ್ದ ಏಕೈಕ ವರ್ಗಾವಣೆ ಅದೇ ಇರಬೇಕು.

ಬರೀ ಅಳತೆ ಸಾಲದು, ಪ್ರೋತ್ಸಾಹವೂ ಬೇಕು. ಹೆಚ್ಚು ಸದ್ದು ಮಾಡಿದವರಿಗೆ ‘ರೊಟ್ಟಿ ರತ್ನ’ ಎಂಬ ಬಿರುದು ಕೊಟ್ಟು, ನನ್ನ ಕೈಯಾರೆ ಮಾಡಿದ ಚಹಾ ಕುಡಿಸುವುದಾಗಿ ಪರದೆಯ ಈಚೆಯಿಂದ ಸಾರಿದೆ. ಬಿರುದಿಗೆ ಅಡ್ಡಿಯಿಲ್ಲ, ಆದರೆ ಚಹಾ ಕುಡಿದವರು ಮರುದಿನ ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಇರುವುದಿಲ್ಲವೆಂದು ಮಹಾನಂದಾ ಆಚೆಯಿಂದ ತಿದ್ದುಪಡಿ ತಂದಳು. ಮತ್ತೆ ಅದೇ ಅಪಾಯಕಾರಿ ನಗು.

ಆದರೆ ಶುಕ್ರವಾರ ಮಧ್ಯಾಹ್ನ ನನ್ನ ಯೋಜನೆ ಫಲ ಕೊಟ್ಟಿತು. ಊಟ ಮಾಡಿ ಕುರ್ಚಿಯಲ್ಲಿ ಕೂತಿದ್ದೆನಷ್ಟೆ, ಸದ್ದು ಶುರುವಾಯಿತು ನೋಡಿ! ಅಂಥ ಸದ್ದನ್ನು ನಮ್ಮ ಮನೆ ಹಿಂದೆಂದೂ ಕೇಳಿರಲಿಲ್ಲ. ಒಂದೇ ಲಯ, ಒಂದೇ ಹದ, ಮೂವರಲ್ಲ ಮೂವತ್ತು ಜನ ಬಡಿದಂತೆ. ಒಂದೊಂದೇ ಬೀಜ ಎತ್ತಿಡಲು ಪುರುಸೊತ್ತಾಗದೆ ಹಿಡಿ ಹಿಡಿಯಾಗಿ ಸುರಿದೆ. ಹುಣಸೆ ಬೀಜ ತೀರಿತು, ತೊಗರಿಗೆ ಕೈಹಾಕಿದೆ. ನಡುವೆ ಹಾಡು ಕೂಡ ತೇಲಿ ಬಂತು. ಪ್ರೋತ್ಸಾಹ ಸಿಕ್ಕ ಕಾರ್ಮಿಕರು ಹಾಡುತ್ತ ದುಡಿಯುತ್ತಾರೆಂದು ಆ ತಜ್ಞರು ಹೇಳಿರಲೇಬೇಕು, ಬಹುಶಃ ನಾನು ಮಲಗಿದ್ದಾಗ.

ಆನಂದ ತಡೆಯಲಾಗಲಿಲ್ಲ. ಸಾಯಪ್ಪನಿಗೆ ಫೋನು ಮಾಡಿದೆ. ಜಹೀರಾಬಾದು ಒಂದೇ ಯಾಕೆ, ಮೊಗುಡಂಪಲ್ಲಿಯವರನ್ನೂ ಕರೆಯಿರಿ, ನಾರಾಯಣಖೇಡದ ಕಡೆಯವರೂ ಬರಲಿ, ರೊಟ್ಟಿಗೆ ಬರವಿಲ್ಲ ಎಂದೆ. ಅವನು ಆಗಲೇ ನನ್ನನ್ನು ಉಪಾಧ್ಯಕ್ಷರೇ ಎಂದು ಕರೆದ. ಸಂಜೆ ಆ ರೊಟ್ಟಿಯ ಪರ್ವತವನ್ನು ಕಣ್ತುಂಬ ನೋಡೋಣವೆಂದು ಪರದೆ ಸರಿಸಿ ಒಳಗೆ ಹೋದೆ.

ಒಲೆಗಳು ತಣ್ಣಗಿದ್ದವು. ಕಲ್ಲಿನ ಮುಂದೆ ನರಪಿಳ್ಳೆ ಇರಲಿಲ್ಲ. ಸದ್ದು ಮಾತ್ರ ಬರುತ್ತಲೇ ಇತ್ತು, ಹಿತ್ತಲಿನಿಂದ. ಹೋಗಿ ಇಣುಕಿದರೆ, ತಂಗಡಿ ಹೂವನ್ನು ಗೋಪುರದಂತೆ ಒಟ್ಟಿ, ದಸರೆಯ ದೇವಿ ಬತುಕಮ್ಮನೆಂದು ನಡುವೆ ಇಟ್ಟಿದ್ದಾರೆ. ನಮ್ಮ ಮೂವರಷ್ಟೇ ಅಲ್ಲ, ಓಣಿಯ ಹೆಂಗಸರೆಲ್ಲ ಸುತ್ತಲೂ ಬಾಗಿ ಬಾಗಿ ಚಪ್ಪಾಳೆ ತಟ್ಟುತ್ತ ಆಡುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ನನ್ನ ಹೆಂಡತಿ. ನಾನು ಬಟ್ಟಲಿಗೆ ಸುರಿದದ್ದೆಲ್ಲ ಈ ಚಪ್ಪಾಳೆಗಳನ್ನು.

“ರೊಟ್ಟಿ ಎಲ್ಲದ?” ಎಂದು ಕೇಳಿದೆ. ಮಹಾನಂದಾ ಚಪ್ಪಾಳೆ ನಿಲ್ಲಿಸದೆಯೇ ಉತ್ತರ ಕೊಟ್ಟಳು.

“ನೀವು ಹೇಳಿದಷ್ಟು ಮಧ್ಯಾಹ್ನಕ್ಕೇ ಆತು. ಬುಟ್ಟಿನಾಗ ಅದ. ಬತುಕಮ್ಮ ವರ್ಷಾ ಇದೇ ಹೊತ್ತಿಗಿ ಆಡ್ತೀವಿ, ಈ ಸಲ ನಮ್ಮ ಹಿತ್ತಲದಾಗ ಇವತ್ತೇ ಸುರು. ನಿಮಗೆಲ್ಲಿ ಗೊತ್ತಿರ್ತದ, ನೀವು ಆಫೀಸಿನಾಗ ಇರ್ತಿದ್ರಿ.”

ಬುಟ್ಟಿಯಲ್ಲಿ ಜಹೀರಾಬಾದಿಗೆ ಸಾಕಾಗುವಷ್ಟು ರೊಟ್ಟಿ ಇದ್ದದ್ದು ನಿಜ. ಮೊಗುಡಂಪಲ್ಲಿಗೆ? ನಾರಾಯಣಖೇಡಕ್ಕೆ? ಫೋನಿನಲ್ಲಿ ಹೇಳಿದ್ದನ್ನು ಮಹಾನಂದಾಳಿಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ. ಧೈರ್ಯ ಇಲ್ಲದವನು ಮಾಡುವುದನ್ನೇ ನಾನೂ ಮಾಡಿದೆ: ಕಾನೂನು ತಂದೆ. ಶನಿವಾರ ಬೆಳಗ್ಗೆ, ಅವಳು ಜೋಳ ಬೀಸಿಸಲು ಗಿರಣಿಗೆ ಹೋದ ಸಮಯ ಸಾಧಿಸಿ, ಮೂವರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದೆ. ಮಾತು ಬಂದ್, ನಗು ಬಂದ್, ಹಾಡು ಬಂದ್, ಎಲೆ ಅಡಿಕೆ ಸಂಜೆಗೆ. ಪ್ರತಿ ರೊಟ್ಟಿ ಮುಗಿದಾಗ “ಒಂದು” ಎಂದು ನನಗೆ ಕೂಗಿ ಹೇಳಬೇಕು.

ಆ “ಒಂದು” ಕೂಗುಗಳನ್ನು ಬಿಟ್ಟರೆ ಆ ದಿನ ನಮ್ಮ ಮನೆ ಗ್ರಂಥಾಲಯದಂತೆ ಶಾಂತವಾಗಿತ್ತು. ರೊಟ್ಟಿಗಳು ಮಾತ್ರ ಕೌದಿಯಷ್ಟು ದಪ್ಪ ಆದವು, ಕೆಲವು ಹರಿದವು, ಕೆಲವು ಸೀದವು. ಸೊಸೆಯ ಪುರಾಣ ಹೊರಗೆ ಬರಲಾರದೆ ಹಣಮಮ್ಮನಿಗೆ ಬಿಕ್ಕಳಿಕೆ ಹತ್ತಿತು. ಮಹಾನಂದಾ ವಾಪಸು ಬಂದು ಈ ದೃಶ್ಯ ನೋಡಿ ಏನೂ ಅನ್ನಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಏನೂ ಅನ್ನದೆ ಇದ್ದದ್ದು ಅದೇ ಮೊದಲು. ನಾನು ಅದನ್ನು ಗೆಲುವು ಎಂದುಕೊಂಡೆ.

ಭಾನುವಾರ ಎದ್ದು ಬಾಗಿಲು ತೆಗೆದರೆ ಮನೆಯ ಮುಂದೆ ಹೊಗೆ. ಸಾಬಮ್ಮ, ಹಣಮಮ್ಮ, ಅಂಜಮ್ಮ ಮೂವರೂ ನಡುಬೀದಿಯಲ್ಲಿ ಕಲ್ಲು ಹೂಡಿ, ಹಂಚು ಇಟ್ಟು, ನಮ್ಮ ಗೇಟಿಗೆ ಅಡ್ಡಲಾಗಿ ಕೂತಿದ್ದರು. ಅವರ ನಡುವೆ ಸೆರಗು ಸಿಗಿಸಿಕೊಂಡು ನನ್ನ ಹೆಂಡತಿಯೂ ಕೂತಿದ್ದಳು. ರೊಟ್ಟಿ ಬುಟ್ಟಿಗಳ ಮೇಲೆ ಅವಳದೇ ಕಾಲು.

“ಏನ್ ನಡದದ ಇದು?” ಎಂದೆ.

“ವಂಟಾ-ವಾರ್ಪು,” ಎಂದಳು ಸಾಬಮ್ಮ. “ಮಾತು ಕೇಳದೋರ ಮನಿ ಮುಂದ ಒಲಿ ಹೂಡ್ರಿ ಅಂತ ನೀವೇ ಮೈಕಿನಾಗ ಹೇಳೀರಿ. ನಮ್ಮ ಬೇಡಿಕಿ ಈಡೇರತನಾ ಒಂದು ರೊಟ್ಟಿನೂ ಹೊರಗ ಹೋಗಂಗಿಲ್ರಿ ಸಾಹೇಬ್ರ.”

ಅಷ್ಟರಲ್ಲಿ ಜಯಘೋಷ ಕೇಳಿಸಿತು. ಉಪಾಧ್ಯಕ್ಷರನ್ನೂ ರೊಟ್ಟಿಯನ್ನೂ ಮೆರವಣಿಗೆಯಲ್ಲಿ ಒಯ್ಯಲು ಸಾಯಪ್ಪ ನೂರಾರು ಜನರೊಂದಿಗೆ ಬಂದಿದ್ದ. ಮೊಗುಡಂಪಲ್ಲಿಯವರೂ ಇದ್ದರು, ನಾರಾಯಣಖೇಡದವರೂ ಇದ್ದರು, ಎಲ್ಲರೂ ಹಸಿದಿದ್ದರು. ಬೀದಿಯಲ್ಲಿ ಒಲೆ ಕಂಡದ್ದೇ ಸಾಯಪ್ಪ ಪುಳಕಿತನಾದ. ಸಮ್ಮೆ ಎಂದರೆ ಸಾಕು, ಯಾರದು, ಯಾಕೆ ಎಂದು ಕೇಳದೆ ಬೆಂಬಲ ಘೋಷಿಸುವುದು ಅವನ ಅಭ್ಯಾಸ. ಘೋಷಿಸಿದ. ಜನ ಜಿಂದಾಬಾದ್ ಎಂದರು. ನಾನೂ ಅಭ್ಯಾಸಬಲದಿಂದ ಕೈ ಎತ್ತಿ ಜಿಂದಾಬಾದ್ ಎಂದುಬಿಟ್ಟೆ. ಆಮೇಲೆ ಬೇಡಿಕೆ ಏನೆಂದು ಅವನು ಕೇಳಿದ.

ಇದ್ದದ್ದು ಒಂದೇ ಬೇಡಿಕೆ: ಸಾಹೇಬರು ಮೊದಲಿನ ಹಾಗೆ ಬೆಳಗ್ಗೆ ಹತ್ತಕ್ಕೆ ಆಫೀಸಿಗೆ ಹೋಗಿ ಸಂಜೆ ಐದಕ್ಕೆ ಬರಬೇಕು.

ಸಾಯಪ್ಪನ ಮುಖ ಬಾಡಿತು. ನನ್ನನ್ನು ಆಫೀಸಿಗೆ ಕಳಿಸಿದರೆ ಸಮ್ಮೆಗೆ ದ್ರೋಹ. ಕಳಿಸದಿದ್ದರೆ ನೂರಾರು ಜನ ಉಪವಾಸ. ನನಗೆ ಒಳಗೊಳಗೇ ಖುಷಿಯಾಯಿತು. ಚಳವಳಿ ಇರುವವರೆಗೆ ನನ್ನ ಆರಾಮಕುರ್ಚಿಯನ್ನು ಅಲುಗಿಸುವವರಿಲ್ಲ. ತತ್ವದ ಪ್ರಶ್ನೆಯಲ್ಲಿ ರಾಜಿ ಸಾಧ್ಯವೇ ಇಲ್ಲವೆಂದು ಮೆರವಣಿಗೆಯವರ ಮೈಕು ಕಸಿದು ಗುಡುಗಿದೆ. ಮಹಾನಂದಾ ಮೆಲ್ಲಗೆ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

“ಆಫೀಸಿಗೇ ಹೋಗ್ಬೇಕಂತಿಲ್ರಿ, ಸಾಯಪ್ಪಣ್ಣ. ಮನ್ಯಾಗ ಇರಬಾರದು, ಅಷ್ಟೇ. ನಿಮ್ಮ ಟೆಂಟಿನಾಗ ದಿನಾ ಒಬ್ಬರಿಗಿ ಉಪವಾಸ ಕೂಡಸ್ತೀರಲ್ಲ, ಅಲ್ಲಿ ಇವರ್ನ ಕೂಡಸ್ರಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಚೆಂಡು ಹೂವಿನ ಹಾರ ಬಿತ್ತು. ಮೆರವಣಿಗೆ ತಿರುಗಿತು. ಮುಂದೆ ನಾನು, ಹಿಂದೆ ಬುಟ್ಟಿಗಳು, ಅವುಗಳ ಹಿಂದೆ ಒಲೆ ಹಂಚು ಹೊತ್ತ ಹೆಂಗಸರು. ಹೆದ್ದಾರಿಯ ಮೇಲೆ ಮತ್ತೆ ಒಲೆ ಹೂಡಿದರು. ಓಣಿಯ ಹೆಂಗಸರೂ ಕೈ ಹಚ್ಚಿದರು. ಸೊಸೆಯ ಪುರಾಣ ಹಿಂದಿನ ದಿನದ ಬಾಕಿಯೊಂದಿಗೆ ಹೊರಬಂತು. ನಗು, ಹಾಡು, ರೊಟ್ಟಿ, ಮೂರೂ ಒಟ್ಟಿಗೆ ಹಂಚಿನಿಂದ ಹಾರಿದವು. ಮೊಗುಡಂಪಲ್ಲಿ ಉಂಡಿತು, ನಾರಾಯಣಖೇಡ ಉಂಡಿತು, ನಿಂತ ಲಾರಿಗಳ ಡ್ರೈವರುಗಳೂ ಉಂಡರು. ಇಡೀ ಹೆದ್ದಾರಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ವಾಸನೆ ಹೊಡೆಯುತ್ತಿರುವಾಗ, ನಾಡಿಗಾಗಿ ನಿರಾಹಾರ ಕೂತವನು ನಾನೊಬ್ಬನೇ.

ಇಷ್ಟು ಸ್ವಲ್ಪ ಹೊತ್ತಿನಲ್ಲಿ ಇಷ್ಟೊಂದು ರೊಟ್ಟಿ ಹೇಗಾಯಿತು, ಅದರ ಗುಟ್ಟೇನೆಂದು ಸಾಯಪ್ಪ ಮೈಕಿನಲ್ಲಿ ಕೇಳಿದ. ಮಹಾನಂದಾ ನನ್ನತ್ತ ಬೆರಳು ಮಾಡಿ ತೋರಿಸಿದಳು. ಜನರಿಗೆ ತಕ್ಷಣ ಅರ್ಥವಾಯಿತು: ನಾನು ಒಲೆಯಿಂದ ದೂರ ಕೂತದ್ದೇ ಗುಟ್ಟು. ಒಂದು ದಿನದ ನನ್ನ ಉಪವಾಸವನ್ನು ಸಮ್ಮೆ ಮುಗಿಯುವವರೆಗೆ ವಿಸ್ತರಿಸುವ ಠರಾವು ಸರ್ವಾನುಮತದಿಂದ ಪಾಸಾಯಿತು. ಉಪಾಧ್ಯಕ್ಷಗಿರಿ ಅದೇ ಮೈಕಿನಲ್ಲಿ ಮಹಾನಂದಾಳಿಗೆ ಹೋಯಿತು.

ಅಂದಿನಿಂದ ಬೆಳಗ್ಗೆ ಹತ್ತು ಹೊಡೆಯುವ ಮುಂಚೆ ಟೆಂಟಿನಲ್ಲಿರುತ್ತೇನೆ, ಸಂಜೆ ಐದರವರೆಗೆ ಕದಲುವುದಿಲ್ಲ. ತಡವಾದರೆ ಉಪಾಧ್ಯಕ್ಷರಿಂದ ಮೆಮೊ ಬರುತ್ತದೆ. ಇಷ್ಟು ಶಿಸ್ತಿನಿಂದ ನಾನು ನನ್ನ ಇಡೀ ಸರ್ವೀಸಿನಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ.