ಭಾವನ ಎಡ ಹೆಗಲು

ನಮ್ಮ ಭಾವ ಶಾಸಕರಾಗಿದ್ದಷ್ಟು ದಿನ ಹೊಸಕೋಟೆ ಕಡೆ ಯಾರೂ ನೆಮ್ಮದಿಯಾಗಿ ಸಾಯುವಂತಿರಲಿಲ್ಲ ಸ್ವಾಮಿ! ಉಸಿರು ನಿಂತ ಅರ್ಧ ಗಂಟೆಗೆ ಚಟ್ಟಕ್ಕೆ ಹೆಗಲು ಕೊಡಲು ಈ ನಮ್ಮಕ್ಕನ ಯಜಮಾನರು ಹಾಜರ್. ನೆಂಟರು ಬರುವುದು ಆಮೇಲೆ!

ಮದುವೆಗೆ ಕರೆದರೆ ಮರೆಯುತ್ತಿದ್ದರು, ಸಾವಿಗೆ ಕರೆಯುವುದೇ ಬೇಡ. ಹೊತ್ತೂ ಹೊತ್ತೂ ಎಡ ಹೆಗಲು ಇಳಿದುಹೋಗಿ, ಟೈಲರು ಅವರ ಜುಬ್ಬಕ್ಕೆ ಆ ಕಡೆ ಒಂದು ಪದರ ಹತ್ತಿ ಜಾಸ್ತಿ ಇಡುತ್ತಿದ್ದ.

ಒಮ್ಮೆ ಯಾರೋ "ನಮ್ಮ ತಾತಂದು ಇವತ್ತೋ ನಾಳೆನೋ" ಅಂದದ್ದೇ ತಡ, ಭಾವ ಹಾರ ಹಿಡಿದು ಓಡಿದರು. ತಾತ ಜಗಲಿ ಮೇಲೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದ!

"ಏನಪ್ಪಾ ಎಮ್ಮೆಲ್ಲೆ, ನಂಗೇನಾ ಹಾರ?"

ಭಾವ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟರು. ತಾತನೇ ಕತ್ತು ಚಾಚಿದ. "ಹಾಕಪ್ಪಾ, ಬದುಕಿದ್ದಾಗ್ಲೇ ವಾಸ್ನೆ ನೋಡ್ಬಿಡ್ತೀನಿ. ಹಂಗೇ ನಮ್ಮ ಬೀದಿಗೊಂದು ಚರಂಡಿ ಮಾಡ್ಸು, ಆಮೇಲೆ ಬೇಕಾದ್ರೆ ಸಾಯ್ತೀನಿ."

ಚರಂಡಿ ಆಯಿತು. ತಾತ ಬೀದಿ ದೀಪ ಕೇಳಲು ಶುರು ಮಾಡಿದ.

"ಓಟಿಗೋಸ್ಕರ ಹೆಣ ಹೊರ್ತೀರಾ ಭಾವ?" ಎಂದು ರೇಗಿಸಿದೆ. ಅವರು ನಗದೆ ತಮ್ಮಪ್ಪನ ಕಥೆ ಹೇಳಿದರು. ಅವರಪ್ಪ ಬಾವಿ ತೋಡುವ ಕೆಲಸಕ್ಕೆ ತಮಿಳುನಾಡಿನಿಂದ ಬಂದವರು. ಇಲ್ಲಿ ತೀರಿಕೊಂಡಾಗ ಹೊರಲು ಸಿಕ್ಕಿದ್ದು ಮೂರೇ ಜನ. ನಾಲ್ಕನೆಯ ಹೆಗಲು ಅವರಮ್ಮನದು! "ನಂಗೂ ಹಂಗಾಗ್ಬಾರ್ದು ಕಣೋ" ಎಂದು ಆಕೆ ಮಗನಿಗೆ ಆಗಾಗ ಹೇಳುತ್ತಿದ್ದರಂತೆ.

ಹೋದ ಚುನಾವಣೆಯಲ್ಲಿ ಎದುರಾಳಿ "ಇವನು ಹೊರಗಿನವನು" ಎಂದು ಊರೂರು ಸಾರಿದ. ಭಾವ ಸೋತರು. ತಿಂಗಳೊಳಗೆ ಅವರಮ್ಮ ತೀರಿಕೊಂಡರು. ಸೋತವನ ಮನೆಗೆ ಯಾರು ಬರುತ್ತಾರೆ? ಹೊರಟಾಗ ಐದಾರು ಜನ ಇದ್ದರೆ ಹೆಚ್ಚು. ಬೆಂಕಿ ಮಡಕೆ ಹಿಡಿದು ಭಾವ ಮುಂದೆ ನಡೆದರು. ಮಡಕೆ ಹಿಡಿದ ಮಗ ತಿರುಗಿ ನೋಡುವಂತಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದರು, "ಲೇ, ಹೊರೋಕೆ ಜನ ಅವ್ರಾ?"

ನಾನು ತಿರುಗಿದೆ. ಒಂದೊಂದು ಬೀದಿಯಿಂದಲೂ ಜನ ಬಂದು ಸೇರಿಕೊಂಡಿದ್ದರು. ಹೆಗಲು ಕೊಡಲು ನೂಕಾಟ! ಗೆದ್ದ ಎದುರಾಳಿಯೂ ಸರದಿಯಲ್ಲಿದ್ದ. ಚರಂಡಿ ತಾತ ಕೋಲೂರಿಕೊಂಡು ಬಂದು, "ನಂಗೂ ಒಂದ್ಸಲ ಬಿಡ್ರೋ!" ಎಂದು ಜಗಳಕ್ಕೆ ನಿಂತಿದ್ದ.

"ಭಾವ, ಬೀದಿ ತುಂಬಾ ಜನ. ನಂಗೇ ಹೆಗಲು ಕೊಡೋಕೆ ಜಾಗ ಸಿಗ್ತಿಲ್ಲ."

ಭಾವ ತಿರುಗಲಿಲ್ಲ. ಜುಬ್ಬವೂ ಹತ್ತಿಯೂ ಇಲ್ಲದ ಬರಿಯ ಎಡ ಹೆಗಲು ಅಲುಗುತ್ತಿತ್ತು.

"ಜೋರಾಗಿ ಹೇಳೋ," ಅಂದರು, "ಅಮ್ಮಂಗೂ ಕೇಳ್ಲಿ."