ರೀಲಜ್ಜ ನೋಡದ ಸೀನುಗಳು

"ಹೋಗ್ಲಿ, ಇದನ್ನಾದ್ರೂ ಹೇಳು. ಹನ್ನೆರಡನೇ ಪುಟದಲ್ಲಿ ಹುಡುಗ ಆ ಹುಡುಗಿಯ ಹೆಸರು ಕೇಳೋಕೆ ಅಂತ ಬಾಯಿ ತೆಗೀತಾನೆ. ಹದಿಮೂರನೇ ಪುಟದಲ್ಲಿ ಮಗನ ಯೂನಿಫಾರ್ಮಿಗೆ ಇಸ್ತ್ರಿ ಹಾಕೋದು ಯಾರು ಅಂತ ಇಬ್ಬರೂ ಜಗಳ ಆಡ್ತಿದ್ದಾರೆ. ಮಧ್ಯೆ ಏನಾಯ್ತಮ್ಮ?"

"ಮಧ್ಯೆ ಏನೋ ಆಯ್ತು ಮೇಡಂ," ಎಂದಳು ಚಿನಕುರುಳಿ.

"ಏನೋ ಅಂದ್ರೆ?"

"ಅಂದ್ರೆ... ಆಗ್ಬೇಕಾದ್ದೆಲ್ಲ ಆಯ್ತು."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಕಾಲದಲ್ಲಿ ಸಾಲುಸಾಲು ಸಿನಿಮಾಗಳಿಗೆ ಚಿತ್ರಕಥೆ ಬರೆದವರು. ಈಗ ಹೊಸಬರ ಚಿತ್ರಕಥೆ ಓದಿ ರೋಗ ಯಾವುದೆಂದು ಹೇಳುತ್ತಾರೆ. ಅದಕ್ಕೇ ಕಾಲೇಜಿನ ಹುಡುಗರ ಬಾಯಲ್ಲಿ ಅವರು ಡಾಕ್ಟರಮ್ಮ. ಅವರ ಕೆಂಪು ಪೆನ್ಸಿಲ್ಲು ಓಡಾಡಿದ್ದರಿಂದ ಚಿನಕುರುಳಿಯ ಪುಟಗಳಿಗೆಲ್ಲ ದಡಾರ ಎದ್ದಂತೆ ಕಾಣುತ್ತಿತ್ತು.

"ಪ್ರತಿ ಹತ್ತು ಪುಟಕ್ಕೊಂದು ತೂತು," ಎಂದರು ಡಾಕ್ಟರಮ್ಮ. "ಇಲಿ ಕಚ್ಚಿದ್ರೂ ಇಷ್ಟು ಶಿಸ್ತಾಗಿ ಕಚ್ಚಲ್ಲ. ಯಾರ ಹತ್ರ ಕಲಿತೆ ಇದನ್ನ?"

"ಯಾರ ಹತ್ರಾನೂ ಇಲ್ಲ ಮೇಡಂ. ನನ್ನ ಸ್ಟೈಲು."

"ಶನಿವಾರ ಬಾ. ಸ್ಟೈಲನ್ನ ಮನೇಲಿ ಬಿಟ್ಟು ಬಾ."

ಕಾಲೇಜಿನ ಸಿನಿಮಾ ಕ್ಲಬ್ಬು ವರ್ಷಕ್ಕೆ ಒಂದೇ ಒಂದು ಚಿತ್ರ ತೆಗೆಯುತ್ತಿತ್ತು. ಸಿನಿಮಾ ವೃತ್ತಿಯವರೊಬ್ಬರು "ತೆಗೆಯಬಹುದು" ಎಂದು ಕೈಯಾರೆ ಬರೆದುಕೊಟ್ಟ ಚಿತ್ರಕಥೆಗೆ ಮಾತ್ರ ಕ್ಲಬ್ಬಿನ ಬಾಗಿಲು ತೆರೆಯುತ್ತಿತ್ತು, ಅದೂ ಶನಿವಾರ ಸಂಜೆಯೊಳಗೆ. ಚಿನಕುರುಳಿಗೆ ಇದು ಕಾಲೇಜಿನ ಕೊನೆಯ ವರ್ಷ. ಅವಳ ಬೆನ್ನಹಿಂದೆಯೇ ಒಬ್ಬ ಮಹಾಶಯ ದೆವ್ವದ ಕಥೆ ಹಿಡಿದು ಕಾಯುತ್ತಿದ್ದ. (ದೆವ್ವಕ್ಕೆ ತೂತಿದ್ದರೂ ನಡೆಯುತ್ತದೆ, ಅದೇ ಅವಳ ಸಂಕಟ.)

ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಉಸಿರು ತೆಗೆದುಕೊಳ್ಳದೆ, ಡಾಕ್ಟರಮ್ಮ ಅಂದದ್ದು, ತಾನು ಅಂದದ್ದು, ಅನ್ನಬೇಕಾಗಿದ್ದು ಅನ್ನದೆ ಬಂದದ್ದು, ಎಲ್ಲವನ್ನೂ ಒಪ್ಪಿಸಿದಳು. ಬೀನ್ಸ್ ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

"ಕಥೆ ಹೇಳಿ ಬೆಳೆಸಿದೋರು ಅಲ್ಲೇ ಕೂತಿದ್ದಾರೆ. ಅವರನ್ನೇ ಕೇಳು."

ಅಲ್ಲೇ ಕೂತಿದ್ದವನು ರೀಲಜ್ಜ, ಅಮ್ಮನ ಅಪ್ಪ, ಕೆಟ್ಟ ಟೇಬಲ್ ಫ್ಯಾನೊಂದನ್ನು ಬಿಚ್ಚಿಕೊಂಡು. ರೀಲು ಬಿಡುವವನೆಂದು ಬಂದ ಹೆಸರಲ್ಲ ಅದು. ಊರಿನ ಹಳೆಯ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ಜೀವಮಾನವೆಲ್ಲ ನಿಜವಾದ ರೀಲು ಬಿಟ್ಟವನು ಅವನು.

"ನನ್ನ ಕಥೇಲಿ ಏನು ಕಮ್ಮಿ ಆಗಿತ್ತು?" ಎಂದ ಅಜ್ಜ.

"ಏನೂ ಕಮ್ಮಿ ಇಲ್ಲಪ್ಪ. ವಿಲನ್ ಹೇಗೆ ಸತ್ತ ಅನ್ನೋದು ಇವತ್ತಿಗೂ ಈ ಮನೇಲಿ ಯಾರಿಗೂ ಗೊತ್ತಿಲ್ಲ, ಅಷ್ಟೆ."

"ಸತ್ತನಲ್ಲ, ಸಾಲ್ದಾ?"

ಚಿನಕುರುಳಿಗೆ ಆಗ ಒಮ್ಮೆಲೇ ಹೊಳೆಯಿತು. ಅಮ್ಮ ಬೆಳಗ್ಗೆ ಬೇಗ ಆಫೀಸಿಗೆ ಓಡುತ್ತಿದ್ದ ಕಾಲದಲ್ಲಿ ಅವಳಿಗೆ ಜಡೆ ಹಾಕುತ್ತಿದ್ದವನು ಅಜ್ಜ. ಒಂದು ಜಡೆಗೆ ಒಂದು ಸಿನಿಮಾ. ಫಿಲ್ಮಿನ ತುಂಡು ಅಂಟಿಸಿ ಪಳಗಿದ ಬೆರಳುಗಳು ಕೂದಲನ್ನು ಅಷ್ಟೇ ಹುಷಾರಾಗಿ ಹಿಡಿಯುತ್ತಿದ್ದವು, ಒಂದು ದಿನವೂ ಎಳೆದು ನೋಯಿಸಿದ್ದಿಲ್ಲ. "ಅವನು ಕುದುರೆ ಹತ್ತಿ ಹೊರಟ... ಅಲ್ಲಿ ಏನೋ ಆಯ್ತು ಬಿಡು... ಈಗ ಜೈಲಲ್ಲಿದ್ದಾನೆ" ಎಂದು ಕಥೆ ಓಡುತ್ತಿತ್ತು. ಕಥೆ ಅಂದರೆ ಹಾಗೇ ಇರುತ್ತದೆ ಎಂದುಕೊಂಡೇ ಅವಳು ಸ್ಕೂಲಿಗೆ ಹೋದಳು, ಕಾಲೇಜಿಗೂ ಹೋದಳು, ಕೊನೆಗೆ ಡಾಕ್ಟರಮ್ಮನ ಮನೆಗೂ ಹೋಗಿಬಂದಳು.

"ಅಜ್ಜ, ನೀನು ಸಿನಿಮಾ ಪೂರ್ತಿ ನೋಡ್ತಿರ್ಲಿಲ್ವಾ?"

"ಹೇಗೆ ನೋಡೋದು ತಾಯಿ? ಎರಡು ಮೆಷೀನು, ಒಬ್ಬನೇ ನಾನು. ಒಂದರ ರೀಲು ಮುಗಿದು ಇನ್ನೊಂದು ಶುರುವಾದ ತಕ್ಷಣ, ಮುಗಿದಿದ್ದನ್ನ ತೆಗೀಬೇಕು, ಸುತ್ತಬೇಕು, ಮುಂದಿನದನ್ನ ಏರಿಸ್ಬೇಕು. ಆ ಗರಗರದಲ್ಲಿ ಮಾತೂ ಕೇಳ್ಸಲ್ಲ. ಕಿಂಡಿಗೆ ಕಣ್ಣು ಹಚ್ಚೋ ಹೊತ್ತಿಗೆ ಅಲ್ಲಿ ಮದುವೆ ಆಗಿರ್ತಿತ್ತು, ಇಲ್ಲ ಯಾರೋ ಸತ್ತಿರ್ತಿದ್ರು."

"ಮಾರನೇ ದಿನದ ಶೋನಲ್ಲಿ ನೋಡ್ಬಹುದಿತ್ತಲ್ಲ?"

"ಮಾರನೇ ದಿನಾನೂ ಅದೇ ರೀಲು ಅಲ್ಲೇ ಬದಲಾಗೋದು. ಒಂದು ಸಿನಿಮಾನ ಇಪ್ಪತ್ತೈದು ವಾರ ಓಡಿಸಿದ್ದೀನಿ. ಇಪ್ಪತ್ತೈದು ವಾರಾನೂ ಅದೇ ಸೀನು ತಪ್ತು."

ಅಮ್ಮ ಚಾಕು ಕೆಳಗಿಟ್ಟಳು. "ನಮ್ಮವ್ವ ಇದ್ದಾಗ ಹೀಗಿರ್ಲಿಲ್ಲ ಕಣೆ. ಮೊದಲನೇ ದಿನ, ಮೊದಲನೇ ಶೋಗೆ ಅವಳು ಹೋಗಿ ಕೂತ್ಕೋತಿದ್ಳು. ಊಟಕ್ಕೆ ಕೂತಾಗ ಇವರು ನೋಡಿದ್ದು ಇವರು ಹೇಳೋರು, ತಪ್ಪಿದ್ದು ಅವಳು ಹೇಳೋಳು. ಇಬ್ಬರೂ ಸೇರಿದ್ರೆ ಒಂದು ಸಿನಿಮಾ."

ಅಜ್ಜ ಫ್ಯಾನಿನ ರೆಕ್ಕೆ ಒರೆಸುತ್ತ, "ಒಂದನ್ನ ಮಾತ್ರ ಹೇಳ್ಲೇ ಇಲ್ಲ ನಿಮ್ಮವ್ವ," ಎಂದ. "ಕೇಳಿದಾಗೆಲ್ಲ ನಗೋಳು. ನೀವೇ ನೋಡ್ಕೊಳ್ಳಿ ಅನ್ನೋಳು." ಆಮೇಲೆ ಬಹಳ ಹೊತ್ತು ಒಂದೇ ರೆಕ್ಕೆಯನ್ನು ಒರೆಸಿದ.

ಚಿನಕುರುಳಿಗೆ ಅಲ್ಲೇ ಒಂದು ಮಹಾ ಉಪಾಯ ಹೊಳೆಯಿತು. ರೋಗದ ಮೂಲವನ್ನೇ ಡಾಕ್ಟರ ಮುಂದೆ ಕೂರಿಸಿದರೆ? ತೂತುಗಳು ಅಜಾಗರೂಕತೆಯಲ್ಲ, ವಂಶಪಾರಂಪರ್ಯ ಎಂದು ಸಾಬೀತಾದರೆ, ಡಾಕ್ಟರಮ್ಮನ ಮನಸ್ಸು ಕರಗಿ "ತೆಗೆಯಬಹುದು" ಎಂದು ಬರೆದೇಬಿಟ್ಟಾರು. ಶನಿವಾರ ಅಜ್ಜ ಇಸ್ತ್ರಿ ಹಾಕಿದ ಶರಟು ತೊಟ್ಟು, ತಾನೇನೋ ರಕ್ತಪರೀಕ್ಷೆಗೆ ಹೊರಟವನಂತೆ ಗಂಭೀರನಾಗಿ ಮೊಮ್ಮಗಳ ಹಿಂದೆ ಡಾಕ್ಟರಮ್ಮನ ಮನೆಯ ಮೆಟ್ಟಿಲು ಹತ್ತಿದ.

ಚಿನಕುರುಳಿ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ವಾದದ ಮೊದಲ ವಾಕ್ಯವೂ ಮುಗಿದಿರಲಿಲ್ಲ. ಅಜ್ಜ ಗೋಡೆಯ ಮೇಲಿನ ಮಾಸಿದ ಪೋಸ್ಟರೊಂದರ ಮುಂದೆ ನಿಂತುಬಿಟ್ಟಿದ್ದ.

"ಅಮ್ಮಾ, ಇದನ್ನ ಬರೆದೋರು ನೀವಾ?"

"ಹೌದು. ಯಾಕೆ, ನೋಡಿದ್ದೀರಾ?"

"ಇಪ್ಪತ್ತೈದು ವಾರ ಓಡಿಸಿದ್ದೀನಿ. ಒಂದು ಸೀನು ಮಾತ್ರ ನೋಡಿಲ್ಲ." ಅಜ್ಜನ ದನಿ ಇಳಿಯಿತು. "ಟೀಚರಮ್ಮ ಈ ಊರು ಬಿಟ್ಟು ಹೋಗ್ತೀನಿ ಅಂತ ಬಸ್ ಹತ್ತುತ್ತಾಳೆ. ಅಲ್ಲಿಗೆ ರೀಲು ಮುಗೀತು. ನಾನು ಮತ್ತೆ ನೋಡೋ ಹೊತ್ತಿಗೆ ರಸ್ತೆ ಪಕ್ಕ ಡ್ರೈವರ್ ಜೊತೆ ಕೂತು ನಗ್ತಿದ್ದಾಳೆ. ಅವನು ಅವಳಿಗೆ ಏನು ಹೇಳ್ದ? ಟೀವೀಲಿ ಬರುತ್ತೇನೋ ಅಂತ ಎಷ್ಟು ವರ್ಷ ಕಾದೆ."

"ಬರಲ್ಲ. ಪ್ರಿಂಟೇ ಉಳಿದಿಲ್ಲ," ಎಂದ ಡಾಕ್ಟರಮ್ಮ ಕೆಂಪು ಪೆನ್ಸಿಲ್ಲನ್ನು ಕೆಳಗಿಟ್ಟು ಎದ್ದು ನಿಂತರು. ಸೋಫಾ ಬಸ್ಸಾಯಿತು. ಡಾಕ್ಟರಮ್ಮ ಡ್ರೈವರಾದರು.

"ಅವನು ಬಸ್ ನಿಲ್ಲಿಸ್ತಾನೆ. ಮೆಷೀನ್ ಕೆಟ್ಟಿದೆ, ಎಲ್ಲಾ ಇಳೀರಿ ಅಂತಾನೆ. ಜನ ಬೈಕೊಂಡು ಇಳಿದು ನಡೀತಾರೆ. ಅವಳು ಇಳಿಯಲ್ಲ. ಕೆಟ್ಟಿಲ್ಲ ಅಂತ ಅವಳಿಗೆ ಗೊತ್ತು. ಗೊತ್ತು ಅಂತ ಅವನಿಗೂ ಗೊತ್ತು. 'ರಿಪೇರಿಗೆ ಎಷ್ಟು ಹೊತ್ತಾಗುತ್ತೆ?' ಅಂತ ಅವಳು ಕೇಳ್ತಾಳೆ. 'ನೀವು ಮನಸ್ಸು ಬದಲಾಯಿಸೋವರೆಗೂ' ಅಂತಾನೆ."

ಅಜ್ಜನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೆಂದು ಚಿನಕುರುಳಿ ಗಾಬರಿಯಾಗಿ ಹತ್ತಿರ ಹೋದರೆ, ಅವನು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ.

"ಕಳ್ಳಿ ನನ್ನ ಹೆಂಡ್ತಿ. ಅದಕ್ಕೇ ಹೇಳ್ಲಿಲ್ಲ. ಮದುವೆಗೆ ಮುಂಚೆ ಅವಳು ಶೋಗೆ ಬರೋದು ತಡವಾದ್ರೆ, ಮೆಷೀನ್ ಕೆಟ್ಟಿದೆ ಅಂತ ಸಿನಿಮಾನೇ ಶುರು ಮಾಡ್ತಿರ್ಲಿಲ್ಲ ನಾನು. ಟಾಕೀಸೆಲ್ಲ ಸೀಟಿ ಹೊಡೆಯೋರು, ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದು ಬಯ್ಯೋನು. ಅವಳು ಬಂದು ಕೂತ್ಲು ಅಂದ್ರೆ ಮೆಷೀನ್ ಸರಿಹೋಗೋದು. ಅವಳಿಗೆ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ, ಅಮ್ಮಾ. ಕೊನೇವರೆಗೂ ಹಾಗೇ ಅಂದ್ಕೊಂಡಿದ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. "ಇದರ ಮುಂದೆ ನನ್ನ ಸೀನು ಸಪ್ಪೆ," ಎಂದರು.

ಅಷ್ಟೇ. ಅಲ್ಲಿಂದ ಮುಂದೆ ಚಿನಕುರುಳಿ ಆ ಮನೆಯಲ್ಲಿ ಇದ್ದಳೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಎರಡನೇ ಪೋಸ್ಟರಿಗೆ ಹೋದರು, ಮೂರನೆಯದಕ್ಕೆ ಹೋದರು. ತಪ್ಪಿದ ಸೀನು ಏನಿರಬಹುದೆಂದು ಅಜ್ಜ ಊಹಿಸಿದ್ದನ್ನು ಹೇಳುವುದು, ಡಾಕ್ಟರಮ್ಮ "ಛೆ, ನಾನು ಬರೆದದ್ದಕ್ಕಿಂತ ಇದೇ ವಾಸಿ" ಎಂದು ತೊಡೆ ತಟ್ಟುವುದು. ಎರಡು ಸಲ ಟೀ ಮಾಡಿಕೊಟ್ಟವಳು ಭಾವಿ ನಿರ್ದೇಶಕಿ. ಕಿಟಕಿಯಾಚೆ ಶನಿವಾರದ ಬಿಸಿಲು ಇಳಿಯುತ್ತಿತ್ತು. ಕ್ಲಬ್ಬಿನ ಬಾಗಿಲು ಮುಚ್ಚುತ್ತಿತ್ತು. ದೆವ್ವ ಗೆಲ್ಲುತ್ತಿತ್ತು.

"ಮೇಡಂ, ನನ್ನ ಸ್ಕ್ರಿಪ್ಟು..."

"ಓ, ನೀನಾ." ಡಾಕ್ಟರಮ್ಮ ಕೊನೆಯ ಪುಟ ತಿರುಗಿಸಿ ಏನೋ ಗೀಚಿದರು. ಚಿನಕುರುಳಿ ಉಸಿರು ಹಿಡಿದು ಓದಿದಳು: "ಅರ್ಧ ಬರೆದಿದೆ. ಆ ಅರ್ಧ ಚೆನ್ನಾಗಿದೆ."

"ತೆಗೆಯಬಹುದಾ ಮೇಡಂ?"

"ತೆಗೆಯೋ ಹಾಗಿಲ್ಲ. ಬರೆಯೋ ಹಾಗಿದೆ. ಗುರುವಾರ ಬನ್ನಿ."

ಅವಳು ಅಳಬೇಕಿತ್ತು. ಆದರೆ ಮೆಟ್ಟಿಲಿಳಿಯುತ್ತಲೇ ಅಮ್ಮನಿಗೆ ಫೋನು ಹಚ್ಚಿ, "ಅಮ್ಮ, ಅರ್ಧ ಚೆನ್ನಾಗಿದೆಯಂತೆ, ಡಾಕ್ಟರಮ್ಮ ಯಾರಿಗೂ ಕಾಲು ಭಾಗಾನೂ ಚೆನ್ನಾಗಿದೆ ಅಂದಿಲ್ವಂತೆ, ಮತ್ತೆ ಅಜ್ಜಿ ಇದ್ರಲ್ಲ, ಅವರಿಗೆ ಎಲ್ಲಾ ಗೊತ್ತಿತ್ತಂತೆ, ತಾಳು, ಮನೆಗೆ ಬಂದು ಹೇಳ್ತೀನಿ" ಎಂದು ಒಂದೇ ಉಸಿರಿಗೆ ಸುರಿದಳು.

ಅಜ್ಜ ಕೆಳಗಿನ ಮೆಟ್ಟಿಲಲ್ಲಿ ಕಾಯುತ್ತಿದ್ದ. "ಗುರುವಾರ ಬೇಗ ಹೊರಡ್ಬೇಕು. ನಾಲ್ಕನೇ ಪೋಸ್ಟರಿಂದ ಶುರು ಮಾಡೋಣ ಅಂದಿದ್ದಾರೆ. ನೀನೂ ಬರ್ತೀಯೇನು?"

"ಅಜ್ಜ, ಅಪಾಯಿಂಟ್‌ಮೆಂಟ್ ನಂದು."

"ಹೌದಲ್ವಾ," ಎಂದ ಅಜ್ಜ ಉದಾರವಾಗಿ. "ಹಾಗಾದ್ರೆ ಬಾ. ನಿನ್ನ ಸ್ಕ್ರಿಪ್ಟನ್ನೂ ತಗೊಂಡು ಬಾ. ಟೈಮ್ ಉಳಿದ್ರೆ ಅದನ್ನೂ ನೋಡೋಣ."